ನೆಲದ ಗಾಯವೂ ಛಾಯಾಚಿತ್ರವೂ

ಕೊಡಗಿನ ಕಾಡುಗುಡ್ಡಗಳಲ್ಲಿ ನಡೆಯುವವನಿಗೆ ಅಲ್ಲಲ್ಲಿ ಕಡಂಗಗಳು ಎದುರಾಗುತ್ತವೆ. ಅಗೆದ ಮಣ್ಣನ್ನೇ ದಡವಾಗಿ ಏರಿಸಿ, ಬೆಟ್ಟವನ್ನೂ ಬಯಲನ್ನೂ ದಾಟಿ ಮೈಲಿಗಟ್ಟಲೆ ಸಾಗುವ ಈ ಕಂದಕಗಳು ಪೂರ್ವಕಾಲದ ಕಾಳಗಗಳ ಕುರುಹುಗಳು. ಇಂದು ಅವುಗಳ ಮೇಲೆ ಹುಲ್ಲೂ ಬಳ್ಳಿಯೂ ಹಬ್ಬಿವೆ. ನೋಡುವ ಕಣ್ಣಿಗೆ ತಂಪು. ಅಲ್ಲಿ ಅಗೆದವರಾರು, ಮಡಿದವರಾರು ಎಂಬುದನ್ನು ಆ ಹಸುರು ಹೇಳುವುದಿಲ್ಲ. ಯುದ್ಧವು ನೆಲಕ್ಕೆ ಮಾಡಿದ ಗಾಯವೂ ಹೀಗೆ ರಮಣೀಯವಾಗುವುದಾದರೆ, ಅದನ್ನು ಸುಂದರವಾದ ಛಾಯಾಚಿತ್ರವಾಗಿ ತೋರಿಸುವುದು ಧರ್ಮವೇ?

ಅಲಂಕಾರಶಾಸ್ತ್ರವನ್ನು ಬಲ್ಲವರು ಸುಲಭವಾಗಿ ಉತ್ತರ ಹೇಳಿಯಾರು: ಕರುಣವೂ ರಸವೇ; ಶೋಕವೂ ಕಾವ್ಯದಲ್ಲಿ ಆಸ್ವಾದ್ಯವಾಗುತ್ತದೆ. ನಿಜ. ಆದರೆ ಭಟ್ಟನಾಯಕನು ತೋರಿದ ಸಾಧಾರಣೀಕರಣದಿಂದ ಕಾವ್ಯದ ದುಃಖವು ಇಂಥವನದೆಂಬ ಕಟ್ಟನ್ನು ಕಳಚಿಕೊಳ್ಳುತ್ತದೆ. ಆದುದರಿಂದಲೇ ಅದು ಸವಿಯಾಗುತ್ತದೆ. ಛಾಯಾಚಿತ್ರದ ದುಃಖವಾದರೋ ಇಂಥ ಊರಿನದು, ಇಂಥ ದಿನದ್ದು, ಇಂಥ ಜನರದು. ಆ ಕಟ್ಟನ್ನು ಬಿಚ್ಚಿ ಬರಿಯ ಚೆಲುವನ್ನು ಸವಿಯುವುದು ಅನ್ಯರ ನೋವನ್ನು ಅಪಹರಿಸಿದಂತೆ.

ಹಾಗಾದರೆ ಚಿತ್ರವೇ ಬೇಡವೆನ್ನಬೇಕೇ? ಹಂಪೆಯನ್ನು ನೋಡಿದರೆ ಹಾಗೆನ್ನಲಾಗದು. ೧೫೬೫ರ ರಕ್ಕಸತಂಗಡಿಯ ಕಾಳಗದ ಬಳಿಕ ಹಾಳಾದ ಆ ಪಟ್ಟಣವನ್ನು ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಸವರಿದ ಕಾಗದದ ಮೇಲೆ ಸೆರೆಹಿಡಿದನು. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಅವರು ಅವನು ನಿಂತ ನೆಲೆಗಳಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲದೇಗುಲದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವುಂಟು, ಈಗ ಅದಿಲ್ಲ. ಗಾಯವೂ ಇದ್ದಂತೆ ಇರಲಾರದು. ಕಾಲವೂ ಮನುಷ್ಯನ ಕೈಯೂ ಅದನ್ನು ಮಾರ್ಪಡಿಸುತ್ತಲೇ ಇರುತ್ತವೆ. ಎರಡು ಚಿತ್ರಗಳನ್ನು ಒತ್ತಟ್ಟಿಗಿಟ್ಟಾಗ ಮಾತ್ರ ಅದರ ಸಾಕ್ಷ್ಯ ದೊರೆಯುತ್ತದೆ.

ಬಾಂಬಿನ ಗಾಯಕ್ಕೂ ಈ ಮಾತು ಸಲ್ಲುತ್ತದೆ. ಹಿರೋಶಿಮಾದಲ್ಲಿ ಅಣುಬಾಂಬಿಗೆ ಈಡಾಗಿಯೂ ಉಳಿದುನಿಂತ ಗುಮ್ಮಟದ ಕಟ್ಟಡದ ಗೋಡೆಗಳ ಕಲೆಗಳನ್ನು ಜಪಾನಿನ ಕಿಕುಜಿ ಕವಾಡಾ ಅವರು ಚಿತ್ರಿಸಿದರು. ಏನೆಂದು ತಿಳಿಯದವನಿಗೆ ಅವು ನೀರು ಹೀರಿದ ಗೋಡೆಯ ಗುರುತುಗಳಷ್ಟೆ. ಆ ಚಿತ್ರಗಳ ಗ್ರಂಥಕ್ಕೆ ಅವರು 'ನಕ್ಷೆ' ಎಂದು ಹೆಸರಿಟ್ಟು, ೧೯೬೫ರ ಆಗಸ್ಟ್ ೬ರಂದು, ಬಾಂಬು ಬಿದ್ದ ಇಪ್ಪತ್ತನೆಯ ವರ್ಷದ ಅದೇ ದಿನ, ಪ್ರಕಟಿಸಿದರು. ಸೊಬಗನ್ನು ಅವರು ಬಿಡಲಿಲ್ಲ. ದಿನದ ಕಟ್ಟನ್ನೂ ಬಿಚ್ಚಲಿಲ್ಲ.

ಕನ್ನಡದಲ್ಲಿ ಕಲೆಯೆಂದರೆ ಗಾಯದ ಗುರುತೂ ಹೌದು, ಚಿತ್ರಶಿಲ್ಪಾದಿ ವಿದ್ಯೆಯೂ ಹೌದು. ಎರಡನೆಯದು ಮೊದಲನೆಯದನ್ನು ಮರೆಸಬಾರದು. ಕಡಂಗದ ಚಿತ್ರವನ್ನು ತೆಗೆಯುವವನು ಅದರ ಹಸುರನ್ನು ಧಾರಾಳವಾಗಿ ತೆಗೆಯಲಿ. ಅದರ ಕೆಳಗೆ, ಇದು ಮನುಷ್ಯನು ಮನುಷ್ಯನಿಗೆ ಹೆದರಿ ಅಗೆದ ಕಂದಕವೆಂದು ಬರೆಯಲಿ.