ದೇವರು, ಕತ್ತೆ ಮತ್ತು 404

ಏನಾದರೂ ಕೆಟ್ಟು ನಿಂತಾಗ ‘ಯಾಕೆ ಹೀಗಾಯಿತು?’ ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರಗಳು ಸದಾ ಸಿದ್ಧ. ಒಂದು, ದೈವೇಚ್ಛೆ. ಇನ್ನೊಂದು, ಅದನ್ನು ಕೊನೆಗೆ ಮುಟ್ಟಿದವನ ಹೆಸರು. ನಾನು ಮೈಸೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದವಳು. ಬೇರೆಯವರು ಬರೆದ ವೆಬ್ ಅಪ್ಲಿಕೇಶನ್‌ಗಳನ್ನು ಸರ್ವರ್‌ಗೆ ಏರಿಸುವುದು, ಏರಿಸಿದ್ದು ನಡೆಯದಿದ್ದರೆ ಏಕೆಂದು ಹುಡುಕುವುದು ನನ್ನ ಪಾಲಿನ ದುಡಿಮೆ. ದೇವರಿಗೆ ದೀಪ ಹಚ್ಚದೆ ಮನೆಯಿಂದ ಹೊರಡುವವಳೂ ಅಲ್ಲ. ಈ ಎರಡು ಉತ್ತರಗಳ ಮೇಲೂ ನನಗೆ ತಕರಾರಿದೆ. ಮೊದಲನೆಯದರ ಮೇಲೆ ಹೆಚ್ಚು, ಅದೂ ನಾನು ನಂಬುವವಳಾದ್ದರಿಂದಲೇ.

ತಕರಾರಿಗೆ ಆಧಾರವಾಗಿ ಒಂದು ಪ್ರಸಂಗ ಹೇಳುತ್ತೇನೆ. ಒಂದು ಶಿಕ್ಷಣ ಸಂಸ್ಥೆಯ ಶುಲ್ಕ ಕಟ್ಟುವ ಅಪ್ಲಿಕೇಶನ್. ಜಾವಾದಲ್ಲಿ ಬರೆದದ್ದು, ವಾರ್ ಫೈಲ್ ಎಂಬ ಒಂದೇ ಗಂಟಾಗಿ ನಮ್ಮ ಕೈಗೆ ಬರುತ್ತದೆ. ಟಾಮ್‌ಕ್ಯಾಟ್ ಎಂಬ ಸರ್ವರ್ ತಂತ್ರಾಂಶದ ವೆಬ್‌ಆ್ಯಪ್ಸ್ ಫೋಲ್ಡರಿನಲ್ಲಿಟ್ಟರೆ ತಾನೇ ಬಿಚ್ಚಿಕೊಂಡು ನಡೆಯತೊಡಗಬೇಕು. ಹಳೆಯ ಯಂತ್ರದಲ್ಲಿ ವರ್ಷಗಟ್ಟಲೆ ಹಾಗೆಯೇ ನಡೆದಿತ್ತು. ಹೊಸ ಯಂತ್ರಕ್ಕೆ ಸಾಗಿಸಿದ ಶುಕ್ರವಾರ ಮುಖಪುಟ ಬಂತು, ಸಂಸ್ಥೆಯ ಲಾಂಛನ ಬಂತು, ಲಾಗಿನ್ ಒತ್ತಿದರೆ 404, ಅಂದರೆ ‘ಇಲ್ಲ’. ಸರ್ವರ್ ತನ್ನ ನಡೆಯನ್ನು ಬರೆದಿಡುವ ಲಾಗ್ ತೆರೆದು ನೋಡಿದರೆ ಒಂದೇ ಒಂದು ಎರರ್ ಇಲ್ಲ. ಅಪ್ಲಿಕೇಶನ್ ಏರಿಸಿಯಾಯಿತು, ಇಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ಟಾಮ್‌ಕ್ಯಾಟ್ ನೆಮ್ಮದಿಯಾಗಿ ಬರೆದುಕೊಂಡಿತ್ತು.

ಕಾರಣಗಳು ತಕ್ಷಣ ಹುಟ್ಟಿಕೊಂಡವು. “ಶುಕ್ರವಾರ ಹತ್ತೂವರೆಯಿಂದ ರಾಹುಕಾಲ ಅಂತ ಗೊತ್ತಿರಲಿಲ್ವೇನ್ರೀ?” ಎಂದರು ಮೇಲಿನವರು. ಹಿಂದಿನ ಸಂಜೆ ಫೈರ್‌ವಾಲ್‌ನ ನಿಯಮವೊಂದನ್ನು ಬದಲಿಸಿದ್ದ ಹೊಸ ಹುಡುಗನ ಕಡೆ ಇನ್ನೊಬ್ಬರು ಬೊಟ್ಟು ಮಾಡಿದರು. “ಎಲ್ಲಾ ಅವನಿಚ್ಛೆ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಮೇಡಂ” ಎಂದರು ಮತ್ತೊಬ್ಬರು. ರೀಸ್ಟಾರ್ಟ್ ಮಾಡಿದ್ದಾಯಿತು. 404 ಕದಲಲಿಲ್ಲ. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು. ರೀಸ್ಟಾರ್ಟ್‌ಗೆ ದೋಷ ಹೋಗಿಬಿಟ್ಟರೆ ಕಾರಣವೂ ಅದರ ಜೊತೆಗೇ ಹೋಗುತ್ತದೆ; ಪ್ರಕ್ರಿಯೆಯ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗಿ, ಕಾಕತಾಳೀಯವೊಂದು ಜ್ಞಾನದ ವೇಷ ಹಾಕಿಕೊಂಡು ಉಳಿಯುತ್ತದೆ.

ನನ್ನ ಸೋದರಮಾವ ಪಾಠಶಾಲೆಯಲ್ಲಿ ತರ್ಕ ಹೇಳಿಕೊಟ್ಟವರು. ಅನ್ನಂಭಟ್ಟನ ತರ್ಕಸಂಗ್ರಹ ಮುಗಿಸಿದವರಿಗೆ ವಿಶ್ವನಾಥನ ಕಾರಿಕಾವಳಿಯನ್ನು ಅದರ ವ್ಯಾಖ್ಯಾನ ಮುಕ್ತಾವಳಿಯೊಡನೆ ಹೇಳುತ್ತಿದ್ದರು. ರಜೆಗೆ ಹೋದಾಗ ಆ ಪಾಠ ನನ್ನ ಕಿವಿಗೂ ಬೀಳುತ್ತಿತ್ತು. ನ್ಯಾಯಶಾಸ್ತ್ರದಲ್ಲಿ ಕಾರಣ ಎನಿಸಿಕೊಳ್ಳಲು ಮೂರು ಲಕ್ಷಣ ಬೇಕು: ಕಾರ್ಯಕ್ಕಿಂತ ಮೊದಲು ಇರಬೇಕು, ತಪ್ಪದೆ ಇರಬೇಕು, ಅನ್ಯಥಾಸಿದ್ಧವಾಗಿರಬಾರದು. ಮಡಕೆಗೆ ಮಣ್ಣು, ಕುಂಬಾರ, ಚಕ್ರ ತಿರುಗಿಸುವ ಕೋಲು ಕಾರಣ. ಮಣ್ಣು ಹೊತ್ತು ತಂದ ಕತ್ತೆಯೂ ಮಡಕೆಗಿಂತ ಮೊದಲೇ ಅಲ್ಲಿತ್ತು. ಆದರೂ ಅದು ಕಾರಣವಲ್ಲ. ಕತ್ತೆಯಿಲ್ಲದೆಯೂ ಮಣ್ಣು ಬರಬಹುದು, ಮಡಕೆ ಆಗಬಹುದು. ಹೀಗೆ ಕಾರಣದಂತೆ ಕಂಡರೂ ಕಾರಣವಲ್ಲದ ಅನ್ಯಥಾಸಿದ್ಧಗಳು ಕಾರಿಕಾವಳಿಯ ಪ್ರಕಾರ ಐದು ಬಗೆ: ಕೋಲಿನಲ್ಲಿರುವ ‘ಕೋಲುತನ’, ಕೋಲಿನ ಬಣ್ಣ, ಆಕಾಶ, ಕುಂಬಾರನ ಅಪ್ಪ, ಕತ್ತೆ. ಈ ಐದರಲ್ಲಿ ಕತ್ತೆಯ ಬಗೆಯೊಂದಿದ್ದರೆ ಸಾಕು, ಉಳಿದ ನಾಲ್ಕೂ ಅದರೊಳಗೇ ಅಡಗುತ್ತವೆ ಎಂದೂ ಗ್ರಂಥ ಹೇಳುತ್ತದೆ.

ನಮ್ಮ ಹೊಸ ಹುಡುಗ ಕತ್ತೆಯ ಜಾಗದಲ್ಲಿ ನಿಂತಿದ್ದ. ಅವನ ಕೆಲಸ ದೋಷಕ್ಕಿಂತ ಮೊದಲು ನಡೆದದ್ದು ನಿಜ. ಆದರೆ ಫೈರ್‌ವಾಲ್ ತಡೆದಿದ್ದರೆ ಬ್ರೌಸರ್ ಕಾದು ಕಾದು ಕೈಬಿಡುತ್ತಿತ್ತು, ಇಲ್ಲವೇ ಸಂಪರ್ಕವೇ ನಿರಾಕೃತವಾಗುತ್ತಿತ್ತು. 404 ಬಂದಿದೆ ಎಂದರೆ ಕೋರಿಕೆ ಒಳಗೆ ಹೋಗಿದೆ, ಯಾರೋ ಅದನ್ನು ಓದಿದ್ದಾರೆ, ಓದಿ ‘ಇಲ್ಲ’ ಎಂದಿದ್ದಾರೆ. ಆ ಪುಟದ ಅಡಿಯಲ್ಲಿ ಟಾಮ್‌ಕ್ಯಾಟ್‌ನ ಹೆಸರಿತ್ತು. ಅದರ ಮುಂದೆ ಬಾಗಿಲು ಕಾಯುವ ಎಂಜಿನ್‌ಎಕ್ಸ್ ಉತ್ತರಿಸಿದ್ದರೆ ಅದರ ಹೆಸರು ಇರುತ್ತಿತ್ತು. ನಿರಾಕರಣೆಯೂ ಒಂದು ವಾಕ್ಯವೇ. ವಾಕ್ಯ ಎಂದ ಮೇಲೆ ಹೇಳಿದವರು ಯಾರು, ಅವರು ಆಪ್ತರೇ, ಅಂದರೆ ನಂಬಲರ್ಹರೇ, ಎಂದು ಕೇಳುವುದು ಶಬ್ದಪ್ರಮಾಣದ ಮೊದಲ ಪಾಠ. ಎಚ್‌ಟಿಟಿಪಿ ಕುರಿತ 2022ರ ಮಾನಕವಂತೂ, ಪ್ರವೇಶವಿಲ್ಲದ ವಸ್ತು ಇದೆ ಎಂಬುದನ್ನೇ ಮುಚ್ಚಿಡಬೇಕಾದರೆ ಸರ್ವರ್ ‘ಪ್ರವೇಶವಿಲ್ಲ’ ಎನ್ನುವ 403ರ ಬದಲು 404 ಹೇಳಬಹುದು ಎಂದು ಒಪ್ಪುತ್ತದೆ. ‘ಇಲ್ಲ’ ಎಂದವರೆಲ್ಲ ಕಾಣದೇ ಹೇಳಿದವರಲ್ಲ.

ರಾಹುಕಾಲದ ಪರೀಕ್ಷೆ ಇನ್ನೂ ಸುಲಭ. ಕಾಲ ಎಲ್ಲ ಕಾರ್ಯಗಳಿಗೂ ಬೇಕು. ಆದರೆ ಅದೇ ಹೊತ್ತಿನಲ್ಲಿ ನಮ್ಮದೇ ಇನ್ನೊಂದು ಯಂತ್ರದಲ್ಲಿ ಬೇರೊಂದು ಅಪ್ಲಿಕೇಶನ್ ತಕರಾರಿಲ್ಲದೆ ಏರಿತ್ತು. ರಾಹುಕಾಲ ಕಳೆದು ಊಟ ಮುಗಿಸಿ ಬಂದ ಮೇಲೂ ಲಾಗಿನ್‌ಗೆ 404 ಬರುತ್ತಲೇ ಇತ್ತು. ಇದ್ದಾಗ ಇರಬೇಕು, ಇಲ್ಲದಾಗ ಇರಬಾರದು ಎಂಬ ಅನ್ವಯ-ವ್ಯತಿರೇಕದ ಎರಡು ಕಾಲೂ ಮುರಿದ ಮೇಲೆ ಆ ವಾದ ನಿಲ್ಲುವುದು ಹೇಗೆ?

ಮೌನವಾಗಿದ್ದ ಲಾಗ್ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮೀಮಾಂಸಕ ಕುಮಾರಿಲಭಟ್ಟನ ಅನುಯಾಯಿಗಳು ಅನುಪಲಬ್ಧಿಯನ್ನೇ ಒಂದು ಪ್ರಮಾಣವೆಂದು ಒಪ್ಪುತ್ತಾರೆ: ಮೇಜಿನ ಮೇಲೆ ಚೊಂಬು ಕಾಣದಿದ್ದರೆ, ಚೊಂಬು ಇಲ್ಲ ಎಂಬ ಜ್ಞಾನ ಆ ಕಾಣದಿರುವಿಕೆಯಿಂದಲೇ ಬರುತ್ತದೆ. ಆದರೆ ಷರತ್ತಿದೆ. ವಸ್ತು ಅಲ್ಲಿದ್ದಿದ್ದರೆ ಕಾಣಲೇಬೇಕಾದ ಸಂದರ್ಭ ಇರಬೇಕು; ಅದು ಯೋಗ್ಯಾನುಪಲಬ್ಧಿ. ಕತ್ತಲೆಯಲ್ಲಿ ಚೊಂಬು ಕಾಣಲಿಲ್ಲ ಎಂದರೆ ಏನೂ ಸಿದ್ಧವಾಗುವುದಿಲ್ಲ. ಲಾಗ್‌ನಲ್ಲಿ ಎರರ್ ಇಲ್ಲದಿರುವುದರಿಂದ ದೋಷವಿಲ್ಲ ಎಂದು ಸಾಧಿಸಬೇಕಾದರೆ, ದೋಷವಿದ್ದರೆ ಟಾಮ್‌ಕ್ಯಾಟ್ ಅದನ್ನು ಬರೆದೇ ತೀರುತ್ತಿತ್ತು ಎಂದು ಮೊದಲು ತೋರಿಸಬೇಕು. ಅದು ಬರೆಯುತ್ತಿರಲಿಲ್ಲ, ಏಕೆಂದರೆ ಅದರ ಕಣ್ಣಿಗೆ ಅಲ್ಲಿ ಏನೂ ಬಿದ್ದೇ ಇರಲಿಲ್ಲ.

ವಿಷಯ ಇಷ್ಟು. ಹಳೆಯ ಯಂತ್ರದಲ್ಲಿದ್ದದ್ದು ಟಾಮ್‌ಕ್ಯಾಟ್ 9, ಹೊಸದರಲ್ಲಿ 10. ಲಾಗಿನ್‌ನಂಥ ಕೆಲಸ ಮಾಡುವ ಜಾವಾ ತುಣುಕುಗಳಿಗೆ ಸರ್ವ್‌ಲೆಟ್ ಎನ್ನುತ್ತಾರೆ. 9ರವರೆಗೆ ಅವು ಜಾವಾಎಕ್ಸ್ ಎಂಬ ಪೂರ್ವನಾಮದಡಿ ಇದ್ದವು. 10 ಹುಡುಕುವುದು ಜಕಾರ್ತ ಎಂಬ ಪೂರ್ವನಾಮವನ್ನು. ಹಳೆಯ ಗುರುತು ಹೊತ್ತ ಸರ್ವ್‌ಲೆಟ್‌ಗಳನ್ನು ಅದು ತಿರಸ್ಕರಿಸಲಿಲ್ಲ. ಸರ್ವ್‌ಲೆಟ್‌ಗಳೆಂದು ಗುರುತಿಸಲೇ ಇಲ್ಲ. ಮುಖಪುಟ, ಲಾಂಛನಗಳು ಬರೀ ಫೈಲುಗಳಾದ್ದರಿಂದ ಎಂದಿನಂತೆ ಬಂದವು.

ಪೂರ್ವನಾಮ ಬದಲಾದದ್ದಕ್ಕೆ ಒಂದು ಚರಿತ್ರೆಯಿದೆ. 2010ರಲ್ಲಿ ಸನ್ ಕಂಪನಿಯೊಂದಿಗೆ ಜಾವಾ ಒರಾಕಲ್‌ನ ಕೈಸೇರಿತು. 2017ರಲ್ಲಿ ಒರಾಕಲ್ ಜಾವಾ ಇಇ ಎಂಬ ಭಾಗವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ ಸಾರಿತು. ಜಾವಾಎಕ್ಸ್ ಹೆಸರನ್ನು ಮುಂದೆಯೂ ಬಳಸಿ ಬೆಳೆಸುವ ಬಗ್ಗೆ 2019ರಲ್ಲಿ ಎರಡೂ ಕಡೆ ಒಪ್ಪಂದ ಕುದುರಲಿಲ್ಲ. 2020ರ ಜಕಾರ್ತ ಇಇ 9ರಲ್ಲಿ ಹೆಸರುಗಳೆಲ್ಲ ಬದಲಾದವು, ಟಾಮ್‌ಕ್ಯಾಟ್ 10 ಅದನ್ನು ಅನುಸರಿಸಿತು. ಈ ಕಥೆ ನಿಜ, ರೋಚಕವೂ ಹೌದು. ಆದರೆ ನನ್ನ 404ಕ್ಕೆ ಇದು ಕುಂಬಾರನ ಅಪ್ಪ. ಅಪ್ಪನಿಲ್ಲದೆ ಕುಂಬಾರನಿಲ್ಲ, ಹಾಗೆಂದು ಮಡಕೆಗೆ ಅಪ್ಪ ಕಾರಣವಾಗುವುದಿಲ್ಲ. ಕಾರಣದ ಹಿಂದಿನ ಕಾರಣ, ಅದರ ಹಿಂದಿನದು ಎಂದು ಹೋಗುತ್ತಲೇ ಇರುವುದು ಆಳವಾದ ಚಿಂತನೆಯಂತೆ ಕಾಣುತ್ತದೆ. ಎಷ್ಟೋ ಸಲ ಅದು ಮುಂದಿರುವ ಮಡಕೆಯಿಂದ ತಪ್ಪಿಸಿಕೊಳ್ಳುವ ದಾರಿ.

ಕಂಡುಕೊಂಡದ್ದು ಸರಿಯೇ ಎಂದು ತಿಳಿಯಲು ಪರೀಕ್ಷೆಗೆಂದೇ ಇಟ್ಟ ಯಂತ್ರದಲ್ಲಿ ಅದೇ ವಾರ್ ಫೈಲನ್ನು ವೆಬ್‌ಆ್ಯಪ್ಸ್-ಜಾವಾಇಇ ಎಂಬ ಫೋಲ್ಡರಿನಲ್ಲಿಟ್ಟೆ. ಅಲ್ಲಿಟ್ಟರೆ ಟಾಮ್‌ಕ್ಯಾಟ್ 10 ತಾನೇ ಹಳೆಯ ಹೆಸರುಗಳನ್ನು ಹೊಸದಕ್ಕೆ ಬದಲಿಸಿಕೊಂಡು ಏರಿಸುತ್ತದೆ. ಲಾಗಿನ್ ತೆರೆಯಿತು. ಹೆಚ್ಚಿನವರು ಇಲ್ಲಿಗೇ ಕೈ ತೊಳೆಯುತ್ತಾರೆ. ನಾನು ಅದನ್ನು ತೆಗೆದು, ಮೂಲ ಫೈಲನ್ನು ಮತ್ತೆ ವೆಬ್‌ಆ್ಯಪ್ಸ್‌ನಲ್ಲಿಟ್ಟೆ. 404 ಮರಳಿ ಬಂತು. ಮರಳಿ ಬಂದಾಗಲೇ ನನಗೆ ಸಮಾಧಾನ. ದೋಷವನ್ನು ಓಡಿಸಬಲ್ಲೆನೆಂಬುದು ಅರ್ಧ ಜ್ಞಾನ. ಬೇಕೆಂದಾಗ ಕರೆದು ನಿಲ್ಲಿಸಬಲ್ಲೆನೆಂಬುದು ಉಳಿದರ್ಧ. ಅಸಲಿ ಯಂತ್ರಕ್ಕೆ ಆ ಬದಲಾವಣೆಯನ್ನು ಸೋಮವಾರ ಬೆಳಿಗ್ಗೆ 7.30ರಿಂದ 9ರೊಳಗೆ, ಅಂದರೆ ಆ ದಿನದ ರಾಹುಕಾಲದಲ್ಲೇ, ಬೇಕೆಂದೇ ಹಾಕಿದೆ. ನಡೆಯಿತು.

ಇಷ್ಟಕ್ಕೆ ನಿಲ್ಲುವುದು ಸರಿಯೇ? ಇನ್ನೂ ಯಾವುದೋ ಕಾಣದ ಕಾರಣ ಇದ್ದೀತಲ್ಲ? ಸುಮಾರು 1000 ವರ್ಷಗಳ ಹಿಂದೆ ನೈಯಾಯಿಕ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಸಂಶಯಕ್ಕೊಂದು ಎಲ್ಲೆ ಹಾಕಿದ: ನಿನ್ನ ಸಂಶಯ ನಿನ್ನದೇ ನಡತೆಗೆ ವಿರುದ್ಧವಾಗುವವರೆಗೆ ಮಾತ್ರ ಅದಕ್ಕೆ ಬೆಲೆ. ಬೆಂಕಿ ಹೊಗೆಗೆ ಕಾರಣವೋ ಅಲ್ಲವೋ ಎಂದು ವಾದಿಸುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುತ್ತಾನೆ. ಆಮೇಲೆ ಬಂದ ಅದ್ವೈತಿ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಉದಯನನ ಮಾತನ್ನೇ ಅವನ ವಿರುದ್ಧ ತಿರುಗಿಸಿದ. ಆ ಜಗಳ ತೀರ್ಮಾನಿಸುವ ಯೋಗ್ಯತೆ ನನ್ನದಲ್ಲ. ಆದರೆ ಸರ್ವರ್ ಕೋಣೆಯಲ್ಲಿ ಉದಯನನ ಪಕ್ಷವಿಲ್ಲದೆ ಸಂಜೆ ಮನೆಗೆ ಹೋಗಲಾಗದು.

ಈ ಉದಯನ ನಾಸ್ತಿಕನಲ್ಲ. ನ್ಯಾಯಕುಸುಮಾಂಜಲಿ ಇಡಿಯಾಗಿ ಈಶ್ವರನನ್ನು ಸಾಧಿಸುವ ಗ್ರಂಥ. ಹಾಗಿದ್ದರೆ ದೈವೇಚ್ಛೆ ಎಂಬ ಉತ್ತರ ಏಕೆ ಸಲ್ಲದು? ಇದನ್ನು ಮಾವನಲ್ಲೇ ಕೇಳಿದೆ.

“ಎಲ್ಲದಕ್ಕೂ ಈಶ್ವರ ಕಾರಣ ಅಂತ ನೀವೇ ಹೇಳ್ತೀರಲ್ಲ ಮಾವ?”

“ಹೇಳ್ತೀನಮ್ಮ. ಎಲ್ಲದಕ್ಕೂ ಕಾರಣ ಆದ್ದರಿಂದಲೇ ಯಾವುದೋ ಒಂದಕ್ಕೆ ಅವನ ಹೆಸರು ಬರೆಯೋ ಹಾಗಿಲ್ಲ.”

ಮಾವ ಹೇಳಿದ್ದು ನೈಯಾಯಿಕರ ಸಾಧಾರಣಕಾರಣದ ಸಿದ್ಧಾಂತ. ಈಶ್ವರ, ಅವನ ಜ್ಞಾನ, ಇಚ್ಛೆ, ಪ್ರಯತ್ನ, ಕಾಲ, ದಿಕ್ಕು, ಅದೃಷ್ಟ (ಪುಣ್ಯಪಾಪ), ಪ್ರಾಗಭಾವ (ಹುಟ್ಟುವ ಮೊದಲಿನ ಇಲ್ಲದಿರುವಿಕೆ) – ಈ ಎಂಟು ಪ್ರತಿಯೊಂದು ಕಾರ್ಯಕ್ಕೂ ಬೇಕು. ಲಾಗಿನ್ ತೆರೆದದ್ದಕ್ಕೂ ಬೇಕು, ತೆರೆಯದೆ ಇದ್ದದ್ದಕ್ಕೂ ಬೇಕು. ಎರಡಕ್ಕೂ ಸಮಾನವಾದದ್ದು ಎರಡರ ನಡುವಿನ ವ್ಯತ್ಯಾಸವನ್ನು ಹೇಳಲಾರದು. ವ್ಯತ್ಯಾಸ ಹೇಳುವುದು ಅಸಾಧಾರಣ ಕಾರಣ. ಅದನ್ನು ಹುಡುಕುವ ಹೊಣೆ ಮನುಷ್ಯನದು. ಶಂಕರಾಚಾರ್ಯರೂ ಇದೇ ದಾರಿಯಲ್ಲಿದ್ದಾರೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯೂ ನಿರ್ದಯಿಯೂ ಆಗಲಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಅಲ್ಲಿ ಭಾಷ್ಯ ಕೊಡುವ ದೃಷ್ಟಾಂತ ಮಳೆಯದು: ಭತ್ತಕ್ಕೂ ಯವೆಗೂ ಮಳೆ ಸಾಧಾರಣ ಕಾರಣ, ಬೆಳೆಯ ಭೇದ ಬೀಜದ್ದು. ದೇವರ ಮೇಲೆ ಬರುವ ಅಪವಾದವನ್ನು ನೀಗಲೆಂದೇ ಹೇಳಿದ ಮಾತು ಅದು.

ನನ್ನ ತಕರಾರಿನ ತಿರುಳು ಇದೇ. ಅಪ್ಲಿಕೇಶನ್ ಏರದಿದ್ದಾಗ, ಸೇತುವೆ ಕುಸಿದಾಗ, ಆಸ್ಪತ್ರೆಯಲ್ಲಿ ರೋಗಿ ಸತ್ತಾಗ ‘ದೈವೇಚ್ಛೆ’ ಎಂದು ಕಡತ ಮುಚ್ಚುವವರು ತಾವು ಭಕ್ತರೆಂದು ತಿಳಿದಿರುತ್ತಾರೆ. ಅವರು ಮಾಡುತ್ತಿರುವುದು ದೇವರ ಮೇಲೆ ದೂರು ದಾಖಲಿಸುವ ಕೆಲಸ. ಫೋಲ್ಡರಿನದೋ ಕಬ್ಬಿಣದ್ದೋ ಔಷಧದ್ದೋ ಆದ ದೋಷವನ್ನು ತೆಗೆದುಕೊಂಡು ಹೋಗಿ ಅವನ ತಲೆಗೆ ಕಟ್ಟುತ್ತಾರೆ. ದುಃಖದಲ್ಲಿರುವವರು ಸಾಂತ್ವನಕ್ಕಾಗಿ ಆ ಮಾತು ಆಡುವುದು ಬೇರೆ, ಅದಕ್ಕೆ ನನ್ನ ಅಡ್ಡಿಯಿಲ್ಲ. ಹೊಣೆ ಹೊತ್ತವರು ಉತ್ತರದ ಬದಲಿಗೆ ಅದನ್ನು ಆಡುವುದು ಬೇರೆ. ಆಯುಧಪೂಜೆಯ ದಿನ ಸರ್ವರ್‌ಗಳಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವಾಗ ನಾನೂ ಕೈ ಮುಗಿಯುತ್ತೇನೆ. ಆ ಕೃತಜ್ಞತೆ ಎಲ್ಲ ಸರ್ವರ್‌ಗಳಿಗೂ ಒಂದೇ; ಕೆಟ್ಟ ಸರ್ವರ್‌ನ ಲಾಗ್ ಓದುವುದರಿಂದ ಅದು ವಿನಾಯಿತಿ ಕೊಡುವುದಿಲ್ಲ.

ದೇವರಿಗೆ ಹಾಕುವ ಈ ಆರೋಪವನ್ನು ಅವನು ಹೊತ್ತಾನು. ಹೊರಲಾರದವರು ಕತ್ತೆಯ ಜಾಗದಲ್ಲಿ ನಿಂತವರು. ನಮ್ಮ ವರದಿಯ ಮೊದಲ ಕರಡಿನಲ್ಲಿ ಕಾರಣ ಎಂಬ ಅಂಕಣದ ಎದುರು ಫೈರ್‌ವಾಲ್ ಹುಡುಗನ ಹೆಸರಿತ್ತು. ಪರೀಕ್ಷೆಯ ಫಲಿತಾಂಶ ಇಟ್ಟ ಮೇಲೆ ಅದು ಹೋಯಿತು. ಪರೀಕ್ಷೆ ನಡೆಯದೆ ಇಂಥ ಎಷ್ಟು ಹೆಸರುಗಳು ಎಷ್ಟು ವರದಿಗಳಲ್ಲಿ ಉಳಿದುಬಿಟ್ಟಿರಬಹುದು! ‘ಮೊದಲು ನಡೆದದ್ದು’ ಮತ್ತು ‘ಕಾರಣವಾದದ್ದು’ ಇವೆರಡರ ಭೇದ ತಿಳಿಯದ ಕಡೆ ದಿನವೂ ಯಾರಾದರೊಬ್ಬರು ನೌಕರಿ ಕಳೆದುಕೊಳ್ಳುವ ಅಪಾಯವಿದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ, ಬರೀ ಸರ್ವರ್ ಕೆಲಸದವರಿಗಷ್ಟೇ ಅಲ್ಲ, ಯಾವುದೇ ವರದಿಗೆ ಸಹಿ ಹಾಕುವ ಎಲ್ಲರಿಗೂ ನನ್ನ ವಿನಂತಿ ಇಷ್ಟು. ದೋಷವನ್ನು ನಿಮ್ಮ ಕೈಯಾರೆ ಮರಳಿ ತರಲು ಸಾಧ್ಯವಾಗುವವರೆಗೆ ಕಾರಣ ಸಿಕ್ಕಿತೆಂದು ಬರೆಯಬೇಡಿ. ಮರಳಿ ತರಲು ಆಗದಿದ್ದರೆ, ತರಬಾರದಂಥದ್ದಾಗಿದ್ದರೆ, ‘ಕಾರಣ ಇನ್ನೂ ತಿಳಿದಿಲ್ಲ’ ಎಂದು ಬರೆಯಿರಿ. ಅದು ಅವಮಾನದ ಮಾತಲ್ಲ. ಆ ಅಂಕಣವನ್ನು ತುಂಬಲೇಬೇಕೆಂಬ ಅವಸರದಲ್ಲಿ ದೇವರ ಹೆಸರನ್ನೂ ಬರೆಯಬೇಡಿ, ಕೊನೆಗೆ ಮುಟ್ಟಿದವನ ಹೆಸರನ್ನೂ ಬರೆಯಬೇಡಿ.