ಕೈ ಹಿಡಿಯುವುದು, ಕೈ ಬಿಡುವುದು

ಕನ್ನಡದಲ್ಲಿ ‘ಕೈಬಿಡು’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಕೈಹಿಡಿದವರು ಉಪಕಾರಿಗಳು, ಕೈಬಿಟ್ಟವರು ನಿರ್ದಯರು ಎಂಬುದು ಲೋಕದ ರೂಢಿ. ಮಕ್ಕಳ ವಿಷಯದಲ್ಲಂತೂ ಆ ಮಾತನ್ನಾಡುವುದೇ ಅಮಂಗಳವೆನಿಸುತ್ತದೆ. ಆದರೂ ಹಿಡಿದ ಕೈಯನ್ನು ಯಾವ ಗಳಿಗೆಯಲ್ಲಿ ಸಡಿಲಿಸಬೇಕು, ಸಡಿಲಿಸದೆ ಉಳಿದರೆ ಅದು ಪ್ರೀತಿಯೋ ಮಮಕಾರವೋ ಎಂಬ ಪ್ರಶ್ನೆ ತಂದೆತಾಯಿಗಳಾದವರ ಮುಂದೆ ಒಂದಲ್ಲ ಒಂದು ದಿನ ಬಂದು ನಿಲ್ಲುತ್ತದೆ. ವಿದ್ಯಾಭ್ಯಾಸ, ವಿವಾಹ, ಉದ್ಯೋಗಗಳಂತಹ ದೊಡ್ಡ ಸಂದರ್ಭಗಳಿಗಾಗಿ ಈ ಪ್ರಶ್ನೆಯನ್ನು ಕಾದಿರಿಸಿದವರು ಸಾಮಾನ್ಯವಾಗಿ ಸೋಲುತ್ತಾರೆ. ಅದರ ಅಭ್ಯಾಸ ಸಣ್ಣ ಸಂಗತಿಗಳಲ್ಲಿ ನಡೆಯಬೇಕು. ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ಹವ್ಯಾಸವು ಅಂತಹ ಸಣ್ಣ ಸಂಗತಿಗಳಲ್ಲೊಂದು. ಎನ್‌ಸಿಸಿ ವಾಯುವಿಭಾಗವನ್ನು ಬಲ್ಲವರಿಗೆ ಏರೋಮಾಡೆಲಿಂಗ್ ಎಂಬ ಹೆಸರಿನಿಂದ ಇದು ಪರಿಚಿತವಾದದ್ದೇ.

ವಿಮಾನ ಮೈದಾನಕ್ಕೆ ಹೋಗುವುದಕ್ಕೆ ಮೊದಲೇ, ಮನೆಯ ಮೇಜಿನ ಮೇಲೆ, ಹಿರಿಯರ ಪರೀಕ್ಷೆ ಆರಂಭವಾಗುತ್ತದೆ. ಬಾಲ್ಸಾ ಎಂಬುದು ಅತಿ ಹಗುರವಾದ ಮರ. ಹೆಚ್ಚಾಗಿ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಬರುತ್ತದೆ. ಅದರ ತೆಳುಪಟ್ಟಿಗಳನ್ನು ನಕ್ಷೆಯ ಮೇಲಿರಿಸಿ, ಗುಂಡುಸೂಜಿಗಳಿಂದ ಬಂಧಿಸಿ, ಅಂಟು ಒಣಗುವ ತನಕ ಕಾಯಬೇಕು. ಹಂದರದ ಮೇಲೆ ತೆಳುಕಾಗದವನ್ನು ಹೊದಿಸಿ ನೀರು ಸಿಂಪಡಿಸಿದರೆ ಕಾಗದವು ಒಣಗುತ್ತ ತಾನಾಗಿ ಬಿಗಿಯುತ್ತದೆ; ಬಿಗಿತ ಒಂದು ಕಡೆ ಹೆಚ್ಚಾದರೆ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಒಂಬತ್ತು ಹತ್ತು ವರ್ಷದ ಮಗುವಿನ ಕೈಯಲ್ಲಿ ಅಂಟು ಅತಿಯಾಗುತ್ತದೆ, ಪಟ್ಟಿ ಓರೆಯಾಗುತ್ತದೆ, ಕಾಗದ ಸುಕ್ಕಾಗುತ್ತದೆ. ನೋಡುತ್ತ ಕುಳಿತ ತಂದೆಗೆ ಸುಮ್ಮನಿರಲಾಗುವುದಿಲ್ಲ. ಮಗು ಮಲಗಿದ ಮೇಲೆ ದೀಪ ಹಾಕಿಕೊಂಡು ಕುಳಿತು, ಓರೆಯಾದುದನ್ನು ಕಿತ್ತು ನೇರಮಾಡಿ, ಬೆಳಗಾಗುವುದರೊಳಗೆ ಅಂದವಾದ ರೆಕ್ಕೆಯನ್ನು ಸಿದ್ಧಪಡಿಸಿಡುವ ತಂದೆಯರುಂಟು. ಅವರ ಉದ್ದೇಶದಲ್ಲಿ ಕಪಟವಿಲ್ಲ. ಆದರೆ ಬೆಳಿಗ್ಗೆ ಎದ್ದ ಮಗುವಿಗೆ ದೊರೆಯುವುದು ಒಂದು ಒಳ್ಳೆಯ ವಿಮಾನ. ಕಳೆದುಹೋಗಿರುವುದು ಅದರ ಸ್ವಂತದ್ದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಕಳವೆನ್ನುವುದಾದರೆ, ಮಗುವಿನ ಕೈಕೆಲಸವನ್ನು ಮಗುವನ್ನು ಕೇಳದೆ ತೆಗೆದುಕೊಂಡದ್ದು ಯಾವ ಲೆಕ್ಕಕ್ಕೆ ಸೇರಬೇಕು? ಪ್ರಶ್ನೆ ಕಟುವಾಗಿ ಕಾಣಬಹುದು. ಆದರೆ ಹಾರಿಸುವವನೇ ಮಾದರಿಯನ್ನು ಕಟ್ಟಿರಬೇಕೆಂಬ ನಿಯಮವು ಈ ಹವ್ಯಾಸದ ಹಲವು ಸ್ಪರ್ಧೆಗಳಲ್ಲಿ ಬಹುಕಾಲ ಜಾರಿಯಲ್ಲಿತ್ತೆಂಬುದನ್ನು ಮರೆಯಬಾರದು.

ಹಾಗಾದರೆ ಓರೆಯಾದ ರೆಕ್ಕೆಯ ಗತಿಯೇನು? ಅದನ್ನು ಗಾಳಿ ಹೇಳುತ್ತದೆ. ಹುಲ್ಲಿನ ಮೇಲೆ ಕೈಯಿಂದ ಮೆಲ್ಲನೆ ತೇಲಿಬಿಟ್ಟಾಗ, ಮೂತಿ ಭಾರವಾದ ವಿಮಾನ ನೆಲಕ್ಕೆ ಧಾವಿಸುತ್ತದೆ. ಬಾಲ ಭಾರವಾದದ್ದು ತಲೆಯೆತ್ತಿ, ವೇಗ ಕಳೆದುಕೊಂಡು ಕುಸಿಯುತ್ತದೆ. ರೆಕ್ಕೆ ತಿರುಚಿದ್ದು ಒಂದೇ ಕಡೆಗೆ ಸುತ್ತುತ್ತದೆ. ಮೂತಿಗೆ ಚಿಟಿಕೆಯಷ್ಟು ಜೇಡಿಮಣ್ಣು ಮೆತ್ತಿ ಮತ್ತೆ ಬಿಡಬೇಕು. ಇಲ್ಲಿ ಗದರಿಸುವವರಿಲ್ಲ, ಹಂಗಿಸುವವರಿಲ್ಲ. ತಂದೆಯ ಹುದ್ದೆಯಾಗಲಿ, ಊರಿನಲ್ಲಿ ಅವನಿಗಿರುವ ಮನ್ನಣೆಯಾಗಲಿ ಗಾಳಿಗೆ ತಿಳಿಯದು. ಅವನು ಕಟ್ಟಿದ್ದು ಓರೆಯಾಗಿದ್ದರೂ ಅದು ಹಾಗೆಯೇ ಸುತ್ತುತ್ತದೆ. ತಂದೆ ತಪ್ಪುವುದನ್ನೂ ತಪ್ಪಿದ ಮೇಲೆ ಸಂಕೋಚವಿಲ್ಲದೆ ತಿದ್ದಿಕೊಳ್ಳುವುದನ್ನೂ ಮಗು ಕಣ್ಣಾರೆ ಕಾಣುವ ಅವಕಾಶ ಎಷ್ಟು ಮನೆಗಳಲ್ಲಿದೆ?

ರೇಡಿಯೊ ನಿಯಂತ್ರಣದ ಮಾದರಿಗಳನ್ನು ಹಾರಿಸಲು ಕಲಿಸುವಲ್ಲಿ ಒಂದು ಏರ್ಪಾಡಿದೆ. ಅದರ ರಚನೆ ಯಂತ್ರಶಾಸ್ತ್ರದ್ದಾದರೂ ಅದರೊಳಗಿನ ವಿವೇಕ ನೀತಿಶಾಸ್ತ್ರದ್ದು. ಕಲಿಸುವವರ ಕೈಯಲ್ಲಿ ಒಂದು ಟ್ರಾನ್ಸ್‌ಮಿಟರ್, ಕಲಿಯುವ ಮಗುವಿನ ಕೈಯಲ್ಲಿ ಮತ್ತೊಂದು. ಹಿಂದೆ ಎರಡನ್ನೂ ತಂತಿಯಿಂದ ಜೋಡಿಸುತ್ತಿದ್ದರು. ಈಗ ತಂತಿಯಿಲ್ಲದೆಯೂ ಜೋಡಿಸಬಹುದು. ಹಿರಿಯರ ಪೆಟ್ಟಿಗೆಯಲ್ಲಿ ಸ್ಪ್ರಿಂಗ್ ಇರುವ ಒಂದು ಸ್ವಿಚ್ ಇರುತ್ತದೆ. ಅದನ್ನು ಹಿಡಿದಿರುವಷ್ಟು ಹೊತ್ತು ವಿಮಾನವು ಮಗುವಿನ ವಶ. ಬೆರಳು ಸಡಿಲವಾದೊಡನೆ ಹಿರಿಯರ ವಶಕ್ಕೆ ಮರಳುತ್ತದೆ. ಅಧಿಕಾರವನ್ನು ಉಳಿಸಿಕೊಳ್ಳಲು ಶ್ರಮ ಬೇಕು, ಬಿಟ್ಟುಕೊಡಲು ಏನೂ ಬೇಡ ಎಂದು ಜನ ತಿಳಿಯುತ್ತಾರೆ. ಇಲ್ಲಿ ಬಿಟ್ಟುಕೊಡುವುದೇ ಶ್ರಮ, ಅದೂ ಕ್ಷಣಕ್ಷಣವೂ ಪಡಬೇಕಾದ ಶ್ರಮ. ಹಿರಿಯರಿಗೆ ಭಯವಾದರೂ ಬೇಸರವಾದರೂ ಅಧಿಕಾರ ತಾನಾಗಿ ಹಿಂದಿರುಗಿಬಿಡುತ್ತದೆ. ಮಗನಿಗೆ ಅಂಗಡಿಯ ಲೆಕ್ಕವನ್ನು ಒಪ್ಪಿಸಿ, ಮೊದಲ ತಪ್ಪಿಗೇ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ ತಂದೆಯನ್ನು ಕಾಣದವರಾರು? ಸಂಘಸಂಸ್ಥೆಗಳ ಹಿರಿಯರ ಮಾತನ್ನು ಇಲ್ಲಿ ಎತ್ತುವುದು ಬೇಡ.

ಆ ಸ್ವಿಚ್ಚನ್ನು ಹಿಡಿದವರ ಕಷ್ಟವೂ ಸಣ್ಣದಲ್ಲ. ವಿಮಾನ ದೂರ ಹೋಗುತ್ತಿರುವಾಗ ಮಗುವಿನ ಬಲವೇ ವಿಮಾನದ ಬಲ. ಅದು ತಿರುಗಿ ಎದುರಾಗಿ ಬರತೊಡಗಿದೊಡನೆ ಎಡಬಲಗಳು ಅದಲುಬದಲಾಗಿ ಕಾಣುತ್ತವೆ. ಮಗು ತಪ್ಪು ದಿಕ್ಕಿಗೆ ಕಡ್ಡಿಯನ್ನು ಸರಿಸುತ್ತದೆ, ರೆಕ್ಕೆ ಇನ್ನಷ್ಟು ವಾಲುತ್ತದೆ. ತಪ್ಪಾಯಿತೆಂದು ಮಗುವಿಗೆ ಹೊಳೆದು ತಿದ್ದಿಕೊಳ್ಳಲು ಎರಡು ಮೂರು ಕ್ಷಣ ಬೇಕು. ಕಲಿಕೆ ನಡೆಯುವುದು ಆ ಎರಡು ಮೂರು ಕ್ಷಣಗಳಲ್ಲಿಯೇ. ಹಿರಿಯರು ಅದಕ್ಕೆ ಮೊದಲೇ ವಿಮಾನವನ್ನು ಕಿತ್ತುಕೊಂಡರೆ, ಮಗು ಕಲಿಯುವುದು ತನ್ನಿಂದಾಗದೆಂಬುದೊಂದನ್ನೇ. ಬಹಳ ತಡವಾದರೆ ಬಾಲ್ಸಾದ ಚೂರುಗಳನ್ನು ಆಯಬೇಕಾಗುತ್ತದೆ.

ಈ ಇಕ್ಕಟ್ಟಿಗೆ ಹವ್ಯಾಸಿಗಳು ಕಂಡುಕೊಂಡ ಉಪಾಯವು ಒಂದು ನಾಣ್ಣುಡಿಯ ರೂಪದಲ್ಲಿ ಉಳಿದಿದೆ: ಹೊಸಬರ ವಿಮಾನವನ್ನು ಮೂರು ತಪ್ಪುಗಳಷ್ಟು ಎತ್ತರದಲ್ಲಿ ಇಡಬೇಕು. ಎತ್ತರವನ್ನು ಅಡಿಗಳಿಂದ ಅಳೆಯದೆ ತಪ್ಪುಗಳಿಂದ ಅಳೆದ ಈ ಬಗೆ ವಿಚಾರಯೋಗ್ಯವಾದದ್ದು. ಮೊದಲ ತಪ್ಪು ಸಹಜ. ಗಾಬರಿಯಲ್ಲಿ ಅದನ್ನು ತಿದ್ದಹೋಗಿ ಎರಡನೆಯದು ಘಟಿಸುತ್ತದೆ. ಅದಾದ ಮೇಲೂ ನೆಲ ದೂರದಲ್ಲಿಯೇ ಇರಬೇಕು. ಆ ಎತ್ತರವನ್ನು ಹಿರಿಯರು ಮೊದಲೇ ಗಳಿಸಿ ಕೊಡಬೇಕಾಗುತ್ತದೆ. ನೆಲ ಸಮೀಪಿಸಿದ ಮೇಲೆ ಕೊಡಲು ಬರುವುದಿಲ್ಲ. ಈಚಿನ ಮಾದರಿಗಳಲ್ಲಿ ವಾಲಿದ ವಿಮಾನವನ್ನು ತಾನಾಗಿ ನೇರಗೊಳಿಸುವ ವಿದ್ಯುನ್ಮಾನ ಸಾಧನಗಳು ಬಂದಿವೆ. ಮೊದಲ ದಿನಗಳಲ್ಲಿ ಅವುಗಳ ಸಹಾಯ ತಪ್ಪಲ್ಲ. ಎಂದೂ ತೆಗೆಯದೆ ಉಳಿಸಿಕೊಂಡರೆ, ರಾತ್ರಿ ಕುಳಿತು ರೆಕ್ಕೆ ತಿದ್ದುವ ತಂದೆಗೂ ಅವುಗಳಿಗೂ ಭೇದವಿರುವುದಿಲ್ಲ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಎಲ್ಲವನ್ನೂ ಮಗುವಿನ ಇಚ್ಛೆಗೆ ಬಿಡಬೇಕೆಂದು ಅರ್ಥವಲ್ಲ. ಹಾಗೆ ಬಿಟ್ಟು ಅದನ್ನೇ ಉದಾರತೆಯೆಂದು ಕರೆದುಕೊಳ್ಳುವವರೂ ಇದ್ದಾರೆ. ಅವರದು ಬಹುಮಟ್ಟಿಗೆ ಸೋಮಾರಿತನ. ತಿರುಗುತ್ತಿರುವ ಪ್ರೊಪೆಲ್ಲರ್ ಬೆರಳನ್ನು ಸೀಳಬಲ್ಲದು. ಈಗಿನ ಮಾದರಿಗಳಲ್ಲಿ ಬಳಸುವ ಲಿಥಿಯಂ ಬ್ಯಾಟರಿಗಳನ್ನು ಅಜಾಗ್ರತೆಯಿಂದ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳುವುದುಂಟು. ಜನರ ತಲೆಯ ಮೇಲೆ, ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಮಾದರಿಯನ್ನು ಹಾರಿಸತಕ್ಕದ್ದಲ್ಲ. ಇಲ್ಲೆಲ್ಲ ಮಗುವಿಗೆ ಒಂದು ತಪ್ಪಿನ ಅವಕಾಶವೂ ಇಲ್ಲ. ಆದುದರಿಂದ ವಿವೇಚಿಸಬೇಕಾದದ್ದು ತಪ್ಪು ದೊಡ್ಡದೋ ಚಿಕ್ಕದೋ ಎಂಬುದನ್ನಲ್ಲ, ಅದರ ಫಲ ಯಾರ ಮೇಲೆ ಬೀಳುತ್ತದೆ ಎಂಬುದನ್ನು. ಮಗುವಿನ ತಪ್ಪಿನಿಂದ ಮಗುವಿನ ವಿಮಾನವೇ ಮುರಿಯುವುದಾದರೆ ಹಿರಿಯರು ತಡೆದುಕೊಳ್ಳಬೇಕು. ಇನ್ನೊಂದು ಜೀವಕ್ಕೆ ನೋವಾಗುವಂತಿದ್ದರೆ ಕೈ ಬಿಡಲಾಗದು. ಮನೆಗಳಲ್ಲಿ ಬಹಳ ವೇಳೆ ಇದಕ್ಕೆ ವಿಪರೀತವಾಗಿಯೇ ನಡೆಯುತ್ತದೆ: ಅಂಕಪಟ್ಟಿಯ ಒಂದೊಂದು ಅಂಕಕ್ಕೂ ಕಾವಲು, ಸೇವಕರೊಡನೆ ಮಗು ಒರಟಾಗಿ ಮಾತನಾಡಿದರೆ ಮೌನ.

ಹಿಡಿಯುವುದೂ ಬಿಡುವುದೂ ಒಂದೇ ಮನೆಯಲ್ಲಿ ಕೂಡಿ ಬಂದುದಕ್ಕೆ ಅಮೆರಿಕದ ರೈಟ್ ಸಹೋದರರ ಮನೆ ದೃಷ್ಟಾಂತ. ಅವರ ತಂದೆ ಮಿಲ್ಟನ್ ರೈಟ್ ಕ್ರೈಸ್ತ ಪಂಥವೊಂದರ ಬಿಷಪ್. 1878ರಲ್ಲಿ ಅವರು ಹನ್ನೊಂದು ವರ್ಷದ ವಿಲ್ಬರ್‌ಗೂ ಏಳು ವರ್ಷದ ಆರ್ವಿಲ್‌ಗೂ ಬಿದಿರು, ಬೆಂಡು, ಕಾಗದಗಳಿಂದ ಮಾಡಿದ, ರಬ್ಬರ್ ಪಟ್ಟಿಯ ಬಲದಿಂದ ಮೇಲೇರುವ ಒಂದು ಆಟಿಕೆಯನ್ನು ತಂದರು. 1871ರಲ್ಲಿ ಪ್ಯಾರಿಸ್ ನಗರದ ಉದ್ಯಾನದಲ್ಲಿ ರಬ್ಬರಿನ ಬಲದ ಮಾದರಿ ವಿಮಾನವನ್ನು ಹನ್ನೊಂದು ಸೆಕೆಂಡುಗಳ ಕಾಲ ಹಾರಿಸಿದ ಆಲ್ಫೋನ್ಸ್ ಪೆನೊ ಎಂಬಾತನ ರಚನೆಯನ್ನು ಅದು ಅನುಸರಿಸಿತ್ತು. ಆಟಿಕೆ ಮುರಿಯಿತು; ಮಕ್ಕಳೇ ತಮ್ಮ ಕೈಯಿಂದ ಬೇರೆಯವನ್ನು ಕಟ್ಟಿದರು. ದೊಡ್ಡದಾಗಿ ಕಟ್ಟಿದವು ಹಾರಲಿಲ್ಲ. ಉಪಕರಣಗಳ ವಿಷಯದಲ್ಲಿ ಮಕ್ಕಳು ಸಲಹೆ ಕೇಳುತ್ತಿದ್ದುದು ತಾಯಿ ಸೂಸನ್ ಅವರನ್ನು. ಬಂಡಿ ಕಟ್ಟುವವರ ಮಗಳಾದ ಆಕೆ ಮಕ್ಕಳಿಗೆ ಆಟಿಕೆಗಳನ್ನೂ ಮನೆಗೆ ಬೇಕಾದ ಸಾಧನಗಳನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಆಕೆ 1889ರಲ್ಲಿಯೇ ತೀರಿಕೊಂಡರು. 1903ರ ಡಿಸೆಂಬರ್ 17ರ ಹಾರಾಟವನ್ನು ಕಾಣಲಿಲ್ಲ.

ಮಕ್ಕಳು ಪ್ರಾಣಾಪಾಯದ ಪ್ರಯೋಗಗಳಲ್ಲಿ ತೊಡಗಿದಾಗ ಮಿಲ್ಟನ್ ಅವರನ್ನು ತಡೆಯಲಿಲ್ಲ. ಅವರು ಪಡೆದುಕೊಂಡ ವಚನ ಒಂದೇ: ಇಬ್ಬರೂ ಒಟ್ಟಿಗೆ ಹಾರಕೂಡದು. ಇದನ್ನು ಮಮಕಾರವೆಂದು ಕರೆಯುವುದು ಅನ್ಯಾಯವಾದೀತು. ಮಕ್ಕಳ ಕೆಲಸ ಅದರಿಂದ ನಿಲ್ಲಲಿಲ್ಲ. ಒಂದೇ ತಪ್ಪಿಗೆ ಎಲ್ಲವೂ ಮುಗಿದುಹೋಗದಷ್ಟು ಎತ್ತರವನ್ನು ಮಾತ್ರ ಅವರು ಕೇಳಿಕೊಂಡಿದ್ದರು. 1910ರ ಮೇ 25ರಂದು ಅವರೇ ಒಪ್ಪಿ, ಸಹೋದರರಿಬ್ಬರೂ ಒಂದೇ ಒಂದು ಸಲ ಜೊತೆಯಾಗಿ ಹಾರಿದರು. ಅದೇ ದಿನ ಆರ್ವಿಲ್ ಎಂಬತ್ತೊಂದು ವರ್ಷದ ತಂದೆಯನ್ನು ಮೊದಲ ಬಾರಿಗೆ ವಿಮಾನದಲ್ಲಿ ಕುಳ್ಳಿರಿಸಿಕೊಂಡು ಸುಮಾರು ಏಳು ನಿಮಿಷ ಹಾರಿಸಿದರು. ನಡುವೆ ತಂದೆ ಮಗನ ಕಡೆಗೆ ಬಾಗಿ, ಇನ್ನೂ ಮೇಲಕ್ಕೆ ಕೊಂಡೊಯ್ಯುವಂತೆ ಕೇಳಿದರು.