ಕಾಣದುದರ ಲೆಕ್ಕ

ಪ್ರತ್ಯಕ್ಷವಾಗದುದನ್ನು ಉಂಟೆಂದು ಹೇಳಲು ಆಧಾರವೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಖಗೋಳ ವಿಜ್ಞಾನಿ ಚಂದಾ ಜೋಗ್ ಹಾಗೂ ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯು ಇಲ್ಲಿ ವಿಚಾರಯೋಗ್ಯವಾಗಿದೆ. ಯುಜಿಸಿ 7321 ಎಂಬ ಅತಿ ತೆಳುವಾದ ಗೆಲಾಕ್ಸಿಯಲ್ಲಿ ಅನಿಲವು ಸುತ್ತುವ ವೇಗವನ್ನೂ ಅದರ ಪದರದ ದಪ್ಪವನ್ನೂ ಅವರು ಜೊತೆಗಿಟ್ಟು ಪರಿಶೀಲಿಸಿದರು. ಕಾಣುವ ನಕ್ಷತ್ರ, ಅನಿಲಗಳ ತೂಕದಿಂದ ಲೆಕ್ಕ ಸರಿಹೋಗಲಿಲ್ಲ. ಒಳಗಿನಿಂದ ಅಂಚಿನವರೆಗೂ ಕಾಣದ ಕಪ್ಪುದ್ರವ್ಯದ ಸೆಳೆತವೇ ಪ್ರಧಾನವೆಂದು ತಿಳಿದುಬಂದಿತು.

ಜಮಾ-ಖರ್ಚು ತಾಳೆಯಾಗದಿದ್ದರೆ ವರ್ತಕನು ಬಿಟ್ಟುಹೋದ ಬಾಬನ್ನು ಹುಡುಕುತ್ತಾನೆ. ಕೂಡಿದ ಕ್ರಮವೇ ತಪ್ಪೇ ಎಂದೂ ನೋಡುತ್ತಾನೆ. ಗುರುತ್ವದ ನಿಯಮವನ್ನೇ ತಿದ್ದಬೇಕೆಂದು ಮಿಲ್‌ಗ್ರಾಂ 1983ರಲ್ಲಿ ವಾದಿಸಿದ್ದರು. ಕಪ್ಪುದ್ರವ್ಯದ ಕಣವಂತೂ ಇಂದಿಗೂ ಕೈಗೆ ಸಿಕ್ಕಿಲ್ಲ. ಆದುದರಿಂದ ಅನುಮಾನ ಪ್ರಮಾಣದಿಂದ ತಿಳಿದುದನ್ನು ಹಾಗೆಂದೇ ಹೇಳುವುದು ಸತ್ಯವ್ರತಕ್ಕೆ ಸಲ್ಲುವ ನಡೆ.

ಇದೇ ನಮ್ಮ ಧರ್ಮಾಸ್ತಿಕಾಯವೆಂದು ಸಾರುವ ಉತ್ಸಾಹವೂ ಬೇಡ. ಅದು ಅಮೂರ್ತ, ಇದಕ್ಕೆ ತೂಕವುಂಟು. ಗೊತ್ತಿಲ್ಲದ ಕಡೆ ಸುಳ್ಳು ಬಾಬು ಬರೆದು ಲೆಕ್ಕ ಮುಗಿಸಿದರೆ ವಿಜ್ಞಾನಕ್ಕೂ ಶಾಸ್ತ್ರಕ್ಕೂ ಸಮಾನವಾಗಿ ಅನ್ಯಾಯ ಮಾಡಿದಂತಾಗುತ್ತದೆ.